ಸೌದಿಗೆ ಹೋಗಲಾ ಅಂತ ಕೇಳಿದ ತಮ್ಮನಿಗೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹಾಸನದಿಂದ ದುಬೈಗೆ ಬಂದು ಏಳು ತಿಂಗಳು, ಎಲೆಕ್ಟ್ರಿಕಲ್ ಕಂಪನಿಯಲ್ಲಿ ಎಸ್ಟಿಮೇಟರ್ ಕೆಲಸ, ಅಂದರೆ ಕೆಲಸಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿ ರೇಟು ಕೊಡುವುದು. ಈಗ ದುಡ್ಡೆಲ್ಲ ಸೌದಿಯಲ್ಲಿದೆ ಅಂತ ರೂಮಿನವರು ದಿನಾ ಹೇಳುತ್ತಾರೆ. ಇಲ್ಲೇ ಫ್ರೀ ಝೋನ್‌ನಲ್ಲಿ (ಸುಂಕದ ರಿಯಾಯಿತಿ ಇರುವ ಪ್ರತ್ಯೇಕ ವ್ಯಾಪಾರ ವಲಯ) ಒಂದು ಲೈಸೆನ್ಸ್ ತೆಗೆದು ರಿಯಾದಿಗೆ ಮಾಲು ಕಳಿಸಬಹುದಾ, ಇಲ್ಲ ಅಲ್ಲಿಗೇ ಹೋಗಿಬಿಡಬೇಕಾ ಅಂತ ಕೇಳಿದ್ದೀರಿ.

ನಾನು ಶಾರ್ಜಾಕ್ಕೆ ಬಂದು 21 ವರ್ಷ ಆಯಿತು. ಸೈನ್‌ಬೋರ್ಡ್ ಮಾಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಹತ್ತು ವರ್ಷದಿಂದ ಸೌದಿಗೂ ಮಾಲು ಹೋಗುತ್ತಿದೆ. ಹಾಗಾಗಿ ಕಂಡಿದ್ದನ್ನೇ ಹೇಳುತ್ತೇನೆ.

ಅಲ್ಲಿ ಕೆಲಸ ಜಾಸ್ತಿ ಇರುವುದು ನಿಜ. ಆದರೆ ಆ ದುಡ್ಡು ಯಾಕೆ ಹರಿಯುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ. 2016ರ ಏಪ್ರಿಲ್‌ನಲ್ಲಿ ಸೌದಿ ಸರ್ಕಾರದವರು ವಿಷನ್ 2030 ಅನ್ನುವ ಯೋಜನೆ ಘೋಷಿಸಿದರು. ಎಣ್ಣೆಯೊಂದನ್ನೇ ನಂಬಿ ಕೂರಬಾರದು, ತಮ್ಮ ಹುಡುಗರು ಹುಡುಗಿಯರಿಗೆ ಕೆಲಸ ಸಿಗಬೇಕು ಅನ್ನುವುದು ಅದರ ತಿರುಳು. 2018ರಲ್ಲಿ ಸಿನಿಮಾ ಮಂದಿರ ಮತ್ತೆ ತೆರೆದವು. ಅದೇ ವರ್ಷ ಹೆಂಗಸರು ಕಾರು ಓಡಿಸಲು ಶುರು ಮಾಡಿದರು. ಮೊದಲೆಲ್ಲ ಅಲ್ಲಿನ ಹೋಟೆಲುಗಳಿಗೆ ಎರಡು ಬಾಗಿಲು, ಫ್ಯಾಮಿಲಿಗೆ ಒಂದು, ಒಂಟಿ ಗಂಡಸರಿಗೆ ಒಂದು. ಪ್ರತಿ ಆರ್ಡರಿನಲ್ಲೂ ಆ ಎರಡು ಬೋರ್ಡು ಇದ್ದೇ ಇರುತ್ತಿದ್ದವು. 2019ರ ಡಿಸೆಂಬರ್‌ನಲ್ಲಿ ಆ ಕಡ್ಡಾಯ ತೆಗೆದರು. ಆಮೇಲೆ ಆ ಬೋರ್ಡು ಕೇಳುವವರು ಕಡಿಮೆಯಾದರು, ಹೊಸ ಕೆಫೆ, ಹೊಸ ಅಂಗಡಿಗಳ ಬೋರ್ಡು ಜಾಸ್ತಿಯಾಯಿತು. ಪಕ್ಕದ ದೇಶ ಒಂದು ತೀರ್ಮಾನ ಮಾಡಿದರೆ ನಮ್ಮ ವರ್ಕ್‌ಶಾಪಿನಲ್ಲಿ ಯಾವ ಅಕ್ಷರ ಕತ್ತರಿಸಬೇಕು ಅನ್ನುವುದೇ ಬದಲಾಗುತ್ತದೆ. ಅದನ್ನು ಅವತ್ತು ಕಣ್ಣಾರೆ ಕಂಡೆ.

ಅದೇ ನೀತಿಯ ಇನ್ನೊಂದು ಮುಖ ನೀವು ಕೇಳಿದ ಫ್ರೀ ಝೋನ್ ಪ್ರಶ್ನೆಗೆ ಉತ್ತರ. 2021ರ ಜುಲೈನಲ್ಲಿ ಸೌದಿ ಆಮದು ನಿಯಮ ಬದಲಾಯಿಸಿತು. ಗಲ್ಫ್ ದೇಶಗಳ ನಡುವೆ ಸಿಗುವ ಸುಂಕದ ರಿಯಾಯಿತಿ ಫ್ರೀ ಝೋನ್‌ನಲ್ಲಿ ತಯಾರಾದ ಮಾಲಿಗೆ ಇಲ್ಲ ಅಂದರು. ತಯಾರಿಕೆಯಲ್ಲಿ ಸೇರುವ ಮೌಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೂ ಇಲ್ಲ. ನಮ್ಮ ಅಸೆಂಬ್ಲಿ ಆಗ ಫ್ರೀ ಝೋನ್‌ನಲ್ಲೇ ಇತ್ತು. ಕೊಟ್ಟಿದ್ದ ರೇಟುಗಳೆಲ್ಲ ತಲೆಕೆಳಗಾದವು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಆದರೆ ಅವರು ಕೇಳುತ್ತಿರುವುದು ಸ್ಪಷ್ಟವಾಗಿತ್ತು: ನಮ್ಮಲ್ಲಿ ಬಂದು ತಯಾರಿಸಿ, ನಮ್ಮವರಿಗೆ ಕೆಲಸ ಕೊಡಿ. 2024ರ ಜನವರಿ 1ರಿಂದ ಇನ್ನೊಂದು ನಿಯಮ ಜಾರಿಯಾಯಿತು. ಗಲ್ಫಿನ ಮುಖ್ಯ ಕಚೇರಿಯನ್ನು ಸೌದಿಯಲ್ಲಿ ಇಡದ ವಿದೇಶಿ ಕಂಪನಿಗೆ ಸರ್ಕಾರಿ ಗುತ್ತಿಗೆ ಸಿಗುವುದು ಕಷ್ಟ. 10 ಲಕ್ಷ ರಿಯಾಲ್ ಒಳಗಿನ ಗುತ್ತಿಗೆಗೆ ವಿನಾಯಿತಿ ಇದೆ. ದೊಡ್ಡ ಕಂಪನಿಗಳು ಅಲ್ಲಿ ಆಫೀಸು ತೆರೆದಾಗ ಅವುಗಳಿಗೆ ಒಳಾಂಗಣ, ವೈರಿಂಗ್, ಬೋರ್ಡು, ಲೆಕ್ಕಪತ್ರ ಎಲ್ಲ ಬೇಕಲ್ವಾ? ಸಣ್ಣವರಿಗೆ ಜಾಗ ಇರುವುದು ಅಲ್ಲಿ. ನಾವು ರಿಯಾದಿನ ಒಂದು ಸೌದಿ ವರ್ಕ್‌ಶಾಪಿನ ಜೊತೆ ಸೇರಿಕೊಂಡೆವು. ದೊಡ್ಡ ಫ್ರೇಮು ಅಲ್ಲೇ ತಯಾರಾಗುತ್ತದೆ. ನಾವು ಡ್ರಾಯಿಂಗು, ಎಲ್‌ಇಡಿ, ನುರಿತ ಕೈ ಕೊಡುತ್ತೇವೆ. ಲಾಭ ಮೊದಲಿಗಿಂತ ಕಡಿಮೆ, ಕೆಲಸ ಮಾತ್ರ ನಿಂತಿಲ್ಲ.

ಇನ್ನು ಕಾಗದಪತ್ರ. ಇಲ್ಲಿ ವ್ಯಾಟ್ ಶೇ. 5, ಅಲ್ಲಿ 2020ರ ಜುಲೈನಿಂದ ಶೇ. 15. ಅಲ್ಲಿನ ಕಂಪನಿ ಕೊಡುವ ಇನ್‌ವಾಯ್ಸ್ ಸರ್ಕಾರ ಹೇಳಿದ ಎಲೆಕ್ಟ್ರಾನಿಕ್ ರೂಪದಲ್ಲೇ ಇರಬೇಕು. ವಿದ್ಯುತ್ ಸಾಮಾನು ಗಡಿ ದಾಟಲು ಸೇಬರ್ ಸರ್ಟಿಫಿಕೇಟ್ ಬೇಕು, ಅಂದರೆ ಮಾಲು ಸೌದಿಯ ಗುಣಮಟ್ಟಕ್ಕೆ ಸರಿಯಾಗಿದೆ ಅನ್ನುವ ಪತ್ರ. 2022ರ ಆಗಸ್ಟ್‌ನಲ್ಲಿ ನಮ್ಮ ಒಂದು ಲಾರಿ ಗಡಿಯಲ್ಲಿ ನಾಲ್ಕು ದಿನ ನಿಂತಿತು. ಸರ್ಟಿಫಿಕೇಟಿನಲ್ಲಿದ್ದ ಮಾಡೆಲ್ ನಂಬರೇ ಬೇರೆ, ಪ್ಯಾಕಿಂಗ್ ಲಿಸ್ಟಿನಲ್ಲಿದ್ದದ್ದೇ ಬೇರೆ. ತಪ್ಪು ನಮ್ಮದೇ. ಆ ಬಿಸಿಲಲ್ಲಿ ಡ್ರೈವರ್ ಲಾರಿಯಲ್ಲೇ ಮಲಗಿದ್ದ. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಅವತ್ತಿನಿಂದ ಆ ಎರಡು ಹಾಳೆ ಪಕ್ಕಪಕ್ಕ ಇಟ್ಟು ನಾನೇ ನೋಡುತ್ತೇನೆ.

ದುಡ್ಡು ಕೈಗೆ ಬರುವುದೂ ನಿಧಾನ. ಒಬ್ಬ ದೊಡ್ಡ ಗುತ್ತಿಗೆದಾರ ನಮಗೆ ಹನ್ನೊಂದು ತಿಂಗಳು ಬಾಕಿ ಉಳಿಸಿಕೊಂಡಿದ್ದ. ಹುಡುಗರ ಸಂಬಳಕ್ಕೆ ಹೆಂಡತಿಯ ಬಳೆ ಅಡವಿಟ್ಟೆ. ಅರ್ಧ ಅಡ್ವಾನ್ಸ್ ಕೈಗೆ ಬಾರದೆ ಈಗ ಗಾಡಿ ಹೊರಡುವುದಿಲ್ಲ. ಸೌದಿಯವರು ಮರುಭೂಮಿಯಲ್ಲಿ ಹೊಸದಾಗಿ ಕಟ್ಟಲು ಹೊರಟ ನಿಯೋಮ್, ಅದರೊಳಗಿನ 170 ಕಿಲೋಮೀಟರಿನ ಲೈನ್ ನಗರ ಅಂತ ಚಿತ್ರ ನೋಡಿ ಲೆಕ್ಕ ಹಾಕಬೇಡಿ. ಅಲ್ಲಿ ಕೆಲವು ಕೆಲಸ ನಿಧಾನವಾಗಿವೆ. ರಿಯಾದಿನ ಎಕ್ಸ್‌ಪೋ 2030ರಲ್ಲಿ, ಫುಟ್‌ಬಾಲ್ ವಿಶ್ವಕಪ್ 2034ರಲ್ಲಿ. ನಾನಾದರೆ ಹೀಗೆ ತಾರೀಖು ಗೊತ್ತಾಗಿರುವ ಕೆಲಸದ ಹಿಂದೆ ಹೋಗುತ್ತೇನೆ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಸೌದಿಯವರ ಹೆಸರಲ್ಲಿ ಅಂಗಡಿ, ನಡೆಸುವವರು ನೀವು, ತಿಂಗಳಿಗೆ ಇಷ್ಟು ಅವರಿಗೆ ಅಂತ ಯಾರಾದರೂ ಆಸೆ ತೋರಿಸಬಹುದು. ಹಳೆಯ ಕಾಲದಲ್ಲಿ ನಮ್ಮ ಕರಾವಳಿಯವರು ಎಷ್ಟೋ ಜನ ಹಾಗೆ ಬದುಕಿದರು. ಈಗ ಅದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ ಇದೆ. ದಯವಿಟ್ಟು ಆ ದಾರಿ ಬೇಡ. ವಿಸಿಟ್ ವೀಸಾ ಇಲ್ಲಿಂದ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಹೋಗಿ ಸೈಟಿನಲ್ಲಿ ಕೆಲಸ ಮಾಡಬೇಡಿ.

ಅಲ್ಲಿಗೇ ಹೋಗಿ ನೆಲೆಸುವುದಾದರೆ ಮನೆಯ ಲೆಕ್ಕವನ್ನೂ ಹಾಕಿ. ಜೊತೆಗಿರುವ ಪ್ರತಿಯೊಬ್ಬರಿಗೂ ತಿಂಗಳಿಗೆ 400 ರಿಯಾಲ್ ಶುಲ್ಕ. ಹೆಂಡತಿ, ಇಬ್ಬರು ಮಕ್ಕಳು ಅಂದರೆ ವರ್ಷಕ್ಕೆ 14,400. ನಿಮಗಿನ್ನೂ ಮದುವೆಯಾಗಿಲ್ಲ, ಇವತ್ತು ಇದು ದೊಡ್ಡದಾಗಿ ಕಾಣಲ್ಲ. ನನ್ನ ಗೆಳೆಯರಲ್ಲಿ ಇಬ್ಬರು ಈ ಲೆಕ್ಕ ನೋಡಿಯೇ ಮನೆಯವರನ್ನು ಊರಿಗೆ ಕಳಿಸಿದರು. ಮಕ್ಕಳು ದೊಡ್ಡವರಾಗಿದ್ದನ್ನು ಅವರು ಫೋನಿನಲ್ಲೇ ನೋಡಿದ್ದು.

ನನ್ನ ಸಲಹೆ ಕೇಳಿದರೆ ಈಗಲೇ ಲೈಸೆನ್ಸ್ ಬೇಡ. ಎರಡು ವರ್ಷ ಇದೇ ಕೆಲಸದಲ್ಲಿರಿ. ಸೌದಿ ಟೆಂಡರ್ ಬಂದಾಗ ನನಗೆ ಕೊಡಿ ಅಂತ ನೀವೇ ಕೇಳಿ ತೆಗೆದುಕೊಳ್ಳಿ. ಅರಬ್ಬಿ ಅಕ್ಷರ ಕಲಿಯಿರಿ, ಮಾತು ನಿಧಾನಕ್ಕೆ ಬರುತ್ತದೆ. ರೇಟು ಹಾಕುವಾಗ ಸುಂಕ, ಸೇಬರ್, ಶೇ. 15 ವ್ಯಾಟ್ ಎಲ್ಲ ಸೇರಿಸಿ ಹೇಳಬಲ್ಲ ಎಸ್ಟಿಮೇಟರ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಾನೇ ಅಂಥವರನ್ನು ಹುಡುಕುತ್ತಿದ್ದೇನೆ.

ಒಂದು ಶನಿವಾರ ವರ್ಕ್‌ಶಾಪಿಗೆ ಬನ್ನಿ. ನಿಮಗೆ ಶನಿವಾರ, ಭಾನುವಾರ ರಜೆ. ರಿಯಾದಿನವರಿಗೆ ಶುಕ್ರವಾರ, ಶನಿವಾರ. ಹಾಗಾಗಿ ಅವತ್ತು ಅಲ್ಲಿಂದ ಫೋನ್ ಬರಲ್ಲ. ಮುಗಿದ ಒಂದು ಸೌದಿ ಕೆಲಸದ ಫೈಲನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲೇ.