ಭತ್ತದ ಹೊಟ್ಟಿನ ಬೂದಿ ಸ್ಲ್ಯಾಬ್‌ಗೆ ಹಾಕಬಹುದಾ?

ಪ್ರಶ್ನೆ: ಸರ್, ನಮ್ಮದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ಮನೆ ಕಟ್ಟಿಸುತ್ತಿದ್ದೇವೆ. ಹತ್ತಿರದ ರೈಸ್ ಮಿಲ್‌ನವರು ಹೊಟ್ಟಿನ ಬೂದಿ ಪುಕ್ಕಟೆ ಒಯ್ಯಿರಿ ಅನ್ನುತ್ತಾರೆ. ಸಿಮೆಂಟ್ ಜೊತೆ ಕಲಸಿದರೆ ಖರ್ಚು ಉಳಿಯುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ. ಗೌಂಡಿ ಬೇಡ ಅನ್ನುತ್ತಾರೆ. ಸ್ಲ್ಯಾಬ್‌ಗೆ ಹಾಕಬಹುದಾ?

ಉತ್ತರ: ಸ್ಲ್ಯಾಬ್‌ಗೆ ಬೇಡ. ನಿಮ್ಮ ಗೌಂಡಿ ಹೇಳಿದ್ದೇ ಸರಿ. ಹಾಗಂತ ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಹೊಟ್ಟನ್ನು ಸುಟ್ಟರೆ ಅದರಲ್ಲೂ ಐದರಲ್ಲೊಂದು ಪಾಲು ಬೂದಿ. ಅಂದರೆ ಒಂದು ಟನ್ ಭತ್ತಕ್ಕೆ 40 ಕೆಜಿ ಬೂದಿ ಸಿಗುತ್ತದೆ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ನೂರಕ್ಕೆ 85ರಿಂದ 90 ಭಾಗ ಸಿಲಿಕಾ. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಬಿಟ್ಟುಕೊಡುತ್ತದೆ. ಆ ಸುಣ್ಣದಿಂದ ಬಲವೇನೂ ಬರುವುದಿಲ್ಲ. ಸಿಲಿಕಾ ಅದರ ಜೊತೆ ಕೂಡಿದರೆ ಮತ್ತೆ ಅಂಟಾಗುತ್ತದೆ, ಕಾಂಕ್ರೀಟಿನ ಸಣ್ಣ ಸಣ್ಣ ತೂತುಗಳು ಮುಚ್ಚುತ್ತವೆ. ಹಿಂದಿನವರು ಸುಣ್ಣದ ಗಾರೆಗೆ ಇಟ್ಟಿಗೆ ಪುಡಿ ಹಾಕಿ ಅರೆಯುತ್ತಿದ್ದರಲ್ಲ, ಸುರ್ಕಿ ಅಂತ? ಒಳಗೆ ನಡೆಯುವ ಕೆಲಸ ಅದೇ. ಕಾಂಕ್ರೀಟಿಗೆ ಇರುವ ಭಾರತೀಯ ಮಾನಕ ಐಎಸ್ 456:2000ರಲ್ಲೂ ಹೊಟ್ಟಿನ ಬೂದಿಯ ಹೆಸರಿದೆ. ಆದರೆ ಅದರ ಗುಣ ಒಂದೇ ಸಮ ಇರಬೇಕು, ಒಪ್ಪಿಗೆ ಕೊಡಬೇಕಾದವರು ಕೊಟ್ಟಿರಬೇಕು ಅನ್ನುವ ಷರತ್ತೂ ಇದೆ.

ತೊಡಕು ಇರುವುದು ಸುಡುವುದರಲ್ಲಿ. 600–700 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಸುಟ್ಟರೆ ಸಿಲಿಕಾ ಚುರುಕಾಗಿರುತ್ತದೆ. ಬೆಂಕಿ ಜಾಸ್ತಿಯಾದರೆ ಹರಳುಗಟ್ಟುತ್ತದೆ, ಆಮೇಲೆ ಅದು ಸುಣ್ಣದ ಜೊತೆ ಬೆರೆಯುವುದೇ ಇಲ್ಲ. ಕಡಿಮೆಯಾದರೆ ಇದ್ದಿಲು ಉಳಿಯುತ್ತದೆ. ಮಿಲ್‌ನವರಿಗೆ ಬೇಕಾದದ್ದು ಉಗಿ. ಬೂದಿ ಹೇಗೆ ಬಂದರೂ ಅವರಿಗೆ ನಡೆಯುತ್ತದೆ. ಇವತ್ತಿನದು ಒಂದು ತರಹ, ನಾಳೆಯದು ಇನ್ನೊಂದು ತರಹ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಜಿನ ಲೋಟದ ನೀರಿಗೆ ಒಂದು ಚಮಚ ಬೂದಿ ಹಾಕಿ ಕಲಕಿ. ಮೇಲೆ ಕರಿ ಪದರ ಕಟ್ಟಿ, ಅರೆಬೆಂದ ಹೊಟ್ಟು ಆಕಾರ ಸಮೇತ ತೇಲಿದರೆ ಆ ಬೂದಿ ಕಟ್ಟಡಕ್ಕೆ ಬರುವುದಿಲ್ಲ. ಬೆಳ್ಳಗೋ ಬೂದು ಬಣ್ಣದಲ್ಲೋ ಇದ್ದು ತಳಕ್ಕೆ ಇಳಿದರೆ ಮುಂದಿನ ಪರೀಕ್ಷೆ. ಬೂದಿಯನ್ನು ಸಿಮೆಂಟಿನಷ್ಟು ನುಣ್ಣಗೆ ಪುಡಿ ಮಾಡಿ. ಅದರ ಎರಡು ಪಾಲಿಗೆ ಒಂದು ಪಾಲು ಅರಳಿದ ಸುಣ್ಣ ಸೇರಿಸಿ ಉಂಡೆ ಕಟ್ಟಿ, ಒಂದು ವಾರ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಆಮೇಲೆ ನೀರಿನಲ್ಲಿ ಮುಳುಗಿಸಿ. ಕರಗಿ ಕೆಸರಾದರೆ ಬೂದಿ ಸತ್ತಿದೆ. ಗಟ್ಟಿಯಾಗಿ ನಿಂತರೆ ಅದರಲ್ಲಿ ಜೀವ ಇದೆ. ಬರೀ ಸುಣ್ಣ ನೀರೊಳಗೆ ಗಟ್ಟಿಯಾಗುವುದಿಲ್ಲ.

ಇನ್ನು ಲೆಕ್ಕ. 600 ಚದರಡಿಯ, 4 ಇಂಚಿನ ಸ್ಲ್ಯಾಬ್‌ಗೆ ಬೀಮ್ ಬಿಟ್ಟು ಸುಮಾರು 45 ಚೀಲ ಸಿಮೆಂಟ್ ಬೇಕು. ಸಿಮೆಂಟಿನ ಹತ್ತರಲ್ಲೊಂದು ಪಾಲು ಬಿಟ್ಟು ಬೂದಿ ಹಾಕಿದರೆ ಉಳಿಯುವುದು ನಾಲ್ಕೂವರೆ ಚೀಲ. ಚೀಲಕ್ಕೆ 400 ರೂಪಾಯಿ ಹಿಡಿದರೂ 1,800. ಇಷ್ಟಕ್ಕೆ ತಲೆ ಮೇಲಿನ ಸ್ಲ್ಯಾಬ್ ಪಣಕ್ಕಿಡುವುದು ಬೇಡ ಅಲ್ವಾ?

ಇನ್ನೊಂದು ಮಾತು. ಚೀಲದ ಮೇಲೆ ಪಿಪಿಸಿ (ಬೂದಿ ಬೆರೆಸಿದ ಸಿಮೆಂಟ್) ಅಂತ ಇದ್ದರೆ ಅದರಲ್ಲಿ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟ ನುಣ್ಣನೆಯ ಬೂದಿ, ಆಗಲೇ ಸೇರಿರುತ್ತದೆ, ನೂರಕ್ಕೆ 15ರಿಂದ 35 ಭಾಗದವರೆಗೂ. ಮತ್ತೆ ಬೂದಿ ಸುರಿದರೆ ಮೊದಲ ದಿನಗಳ ಬಲ ಇನ್ನೂ ಕುಗ್ಗುತ್ತದೆ. ಹೊಟ್ಟಿನ ಬೂದಿ ನೀರನ್ನೂ ಜಾಸ್ತಿ ಕುಡಿಯುತ್ತದೆ. ಮಾಲು ಬಿಗಿಯಾಯಿತು ಅಂತ ಕೆಲಸದವರು ಕೊಡ ಎತ್ತಿ ನೀರು ಸುರಿಯುತ್ತಾರೆ, ಬಲ ಅಲ್ಲೇ ಹೋಯಿತು. ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ತಡೆಯುವುದು ಕಷ್ಟ.

ಹಾಗಾದರೆ ಎಲ್ಲಿ ಬಳಸಬಹುದು? ಎರಡೂ ಪರೀಕ್ಷೆಯಲ್ಲಿ ಗೆದ್ದ ಬೂದಿ ಅಂಗಳದ ಕಾಂಕ್ರೀಟ್, ಕಂಪೌಂಡಿನ ಬ್ಲಾಕ್, ಹೊರಗಿನ ಗಿಲಾವ್‌ಗೆ ಆಗಬಹುದು. ಓಪಿಸಿ (ಬೂದಿ ಬೆರೆಸದ ಸಾದಾ) ಸಿಮೆಂಟ್ 45 ಕೆಜಿಗೆ 5 ಕೆಜಿ ಬೂದಿ, ಅದಕ್ಕಿಂತ ಜಾಸ್ತಿ ಬೇಡ. ನನ್ನನ್ನು ಕೇಳಿದರೆ ಇದರ ಒಳ್ಳೆಯ ಉಪಯೋಗ ಇರುವುದು ಕರಿಮಣ್ಣಿನಲ್ಲಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ಎರೆಮಣ್ಣಿಗೆ ಸುಣ್ಣ ಮತ್ತು ಈ ಬೂದಿ ಬೆರೆಸಿ, ನೀರು ಚಿಮುಕಿಸಿ, ರೋಲರ್ ಹೊಡೆಸಿದರೆ ಉಬ್ಬುವುದು ಕಡಿಮೆಯಾಗುತ್ತದೆ. ಹೊಲದ ದಾರಿಗೆ, ದನದ ಕೊಟ್ಟಿಗೆಯ ನೆಲದಡಿಗೆ ಮಾಡಿ ನೋಡಿ. ಬೂದಿ ತುಂಬುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಹರಳುಗಟ್ಟಿದ ಸಿಲಿಕಾ ದೂಳು ಪುಪ್ಪುಸಕ್ಕೆ ಕೆಟ್ಟದ್ದು.

ಪ್ರಶ್ನೆ: ಆಳಂದ ಕಡೆಯವರು ನಾವು. ರಾಶಿ ಆದ ಮೇಲೆ ತೊಗರಿ ಕಟ್ಟಿಗೆ ಬದುವಿನಲ್ಲಿ ಬಿದ್ದಿರುತ್ತದೆ. ಅದರ ಬೂದಿ ಸಿಮೆಂಟಿಗೆ ನಡೆಯುತ್ತದೆಯಾ?

ಉತ್ತರ: ನಡೆಯುವುದಿಲ್ಲ. ಎಲ್ಲ ಬೂದಿಯೂ ಒಂದೇ ಅಲ್ಲ. ಕಟ್ಟಿಗೆಯ ಬೂದಿಯಲ್ಲಿ ಸಿಲಿಕಾ ಕಡಿಮೆ, ಸುಣ್ಣದಂಶ ಮತ್ತು ಪೊಟ್ಯಾಷ್ ಜಾಸ್ತಿ. ಆ ಕ್ಷಾರ ಕೆಲವು ಜಾತಿಯ ಕಡಿ ಕಲ್ಲಿನ ಜೊತೆ ಸೇರಿ ವರ್ಷಗಳ ಮೇಲೆ ಕಾಂಕ್ರೀಟನ್ನು ಬಿರುಕು ಬಿಡಿಸುತ್ತದೆ. ಒಲೆಯ ಬೂದಿ ಹೊಲಕ್ಕೇ ಹೋಗಲಿ.

ಕಟ್ಟಿಗೆಯನ್ನೇ ಬಳಸಿ. ತೊಗರಿ ಕಟ್ಟಿಗೆ ಹೆಣೆದು ತಟ್ಟಿ ಮಾಡಿ, ಎರಡೂ ಬದಿ ಮಣ್ಣು ಮೆತ್ತಿದ ಗೋಡೆ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಅದನ್ನು ಕೆಡಿಸುವುದು ನೀರು ಮತ್ತು ಗೆದ್ದಲು. ಕೆಳಗೆ ಒಂದೂವರೆ ಅಡಿ ಶಹಾಬಾದ್ ಕಲ್ಲಿನ ಕಟ್ಟು ಕಟ್ಟಿ, ಮೇಲೆ ಚಾವಣಿ ಎರಡಡಿ ಹೊರಗೆ ಚಾಚಿರಲಿ. ಹತ್ತಿ ಬೆಳೆಯುವವರಿಗೂ ಒಂದು ಮಾತು: ಹತ್ತಿ ಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್ ಮಾಡುವ ವಿಧಾನವನ್ನು ಮುಂಬೈನ ಹತ್ತಿ ಸಂಶೋಧನಾ ಸಂಸ್ಥೆ ಸಿರ್ಕಾಟ್ ರೂಪಿಸಿದೆ. ಕಟ್ಟಿಗೆ ಬೇಗ ಹೊಲ ಬಿಟ್ಟರೆ ಗುಲಾಬಿ ಕಾಯಿಕೊರಕ ಹುಳುವಿಗೂ ಅಡಗಲು ಜಾಗ ಇರುವುದಿಲ್ಲ.

ಪ್ರಶ್ನೆ: ಹುಮನಾಬಾದ್‌ನಲ್ಲಿ ನನ್ನದು ಸಿಮೆಂಟ್ ಬ್ಲಾಕ್ ಯೂನಿಟ್. ಹಗುರಾಗಲಿ ಅಂತ ಕಬ್ಬಿನ ಸಿಪ್ಪೆಯ ಪುಡಿ ಹಾಕಿದೆ. ಮೂರು ದಿನವಾದರೂ ಬ್ಲಾಕ್ ಗಟ್ಟಿಯಾಗಲಿಲ್ಲ. ಸಿಮೆಂಟ್ ಹಳೆಯದಾ?

ಉತ್ತರ: ಸಿಮೆಂಟನ್ನು ಬೈಯಬೇಡಿ, ಸಿಪ್ಪೆಯಲ್ಲಿ ಉಳಿದ ಸಕ್ಕರೆಯ ಮೇಲೆ ಅನುಮಾನ ಪಡಿ. 50 ಕೆಜಿ ಚೀಲಕ್ಕೆ 50 ಗ್ರಾಂ ಸಕ್ಕರೆ ಬಿದ್ದರೂ ಗಟ್ಟಿಯಾಗುವುದು ಗಂಟೆಗಟ್ಟಲೆ ತಡ. ಇನ್ನೂ ಜಾಸ್ತಿಯಾದರೆ ದಿನಗಳೇ ಹಿಡಿಯುತ್ತವೆ. ಮಿಕ್ಸರ್ ಲಾರಿ ದಾರಿಯಲ್ಲಿ ಕೆಟ್ಟು ನಿಂತಾಗ ಮಾಲು ಗಟ್ಟಿಯಾಗದಿರಲಿ ಅಂತ ಡ್ರಮ್ಮಿಗೆ ಸಕ್ಕರೆ ಸುರಿಯುವುದು ಇದಕ್ಕೇ.

ನಾರು ಬೇಕೇ ಬೇಕು ಅಂದರೆ ಬಿಸಿ ನೀರಲ್ಲಿ ಕುದಿಸಿ ತೊಳೆದು, ಸುಣ್ಣದ ತಿಳಿಯಲ್ಲಿ ನೆನೆಸಿ, ಒಣಗಿಸಿ, ತುಸುವೇ ಹಾಕಿ. ಅದಕ್ಕಿಂತ ಇದೇ ಸಿಪ್ಪೆ ಸುಟ್ಟ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿ ಮೇಲು. ಅದರಲ್ಲೂ ಸುಡದ ಕರಿ ನಾರು ಇರುತ್ತದೆ. 300 ಮೈಕ್ರಾನ್ ಜರಡಿ ಹಿಡಿದರೆ ಹೆಚ್ಚಿನದು ಮೇಲೆ ಉಳಿಯುತ್ತದೆ. ಕೆಳಗೆ ಬಿದ್ದದ್ದನ್ನು ನುಣ್ಣಗೆ ಪುಡಿ ಮಾಡಿ, ಸಿಮೆಂಟಿನ ಹತ್ತರಲ್ಲೊಂದು ಪಾಲಿನಷ್ಟು ಹಾಕಿ ಒಂದು ಸಾಲು ಬ್ಲಾಕ್ ತೆಗೆಯಿರಿ. 7 ಮತ್ತು 28 ದಿನಕ್ಕೆ ಮೂರು ಮೂರು ಬ್ಲಾಕ್ ಒಡೆಸಿ ನೋಡುವ ತನಕ ಗಿರಾಕಿಗೆ ಕೊಡಬೇಡಿ. ಒಡೆಯುವ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಲ್ಯಾಬ್‌ನಲ್ಲಿ ಇರುತ್ತದೆ. ಬೀದರ, ಭಾಲ್ಕಿಯಲ್ಲಿ ಕೇಳಿ ನೋಡಿ.