ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯ್ತು

ಅಕ್ಕ ಅಂತ ಕರೆದಿದ್ದೀಯಲ್ಲ, ನೀನು ಅಂತಲೇ ಬರೆಯುತ್ತೇನೆ. ಮುಂದಿನ ತಿಂಗಳು ಮಡಿಕೇರಿಯಿಂದ ಇಂಗ್ಲೆಂಡಿಗೆ ನರ್ಸ್ ಕೆಲಸಕ್ಕೆ ಹೊರಟಿದ್ದೀಯ, ಅಲ್ಲಿ ಸೀನಿಯರ್‌ಗಳ ಕಾಟವಂತೆ, ವರ್ಷದೊಳಗೆ ಸೋತು ಹೋಗುತ್ತಾರಂತೆ, ನಿಜವಾ ಅಂತ ಕೇಳಿದ್ದೀಯ. ನಿಜ. ಎಲ್ಲ ವಾರ್ಡಿನಲ್ಲೂ ಅಲ್ಲ, ಆದರೆ ಇದೆ. ನಾನು ಹೋಗಿ ಹನ್ನೊಂದು ವರ್ಷ ಆಯ್ತು. ಈಗ ರಜಕ್ಕೆ ಗೋಣಿಕೊಪ್ಪದ ಹತ್ತಿರ ಅಮ್ಮನ ಮನೆಯಲ್ಲಿದ್ದೇನೆ, ಕಣದಲ್ಲಿ ಕಾಫಿ ಒಣಗುತ್ತಿದೆ, ಕೈಯಲ್ಲಿ ಸಮಯ ಇದೆ.

ಕಾಟ ಅಂದರೆ ಬೈಗುಳ ಅಂದುಕೊಳ್ಳಬೇಡ. ಊರಲ್ಲಿ ನಮ್ಮ ಇನ್‌ಚಾರ್ಜ್ ಸಿಸ್ಟರ್ ಎಲ್ಲರೆದುರು ಕಿರುಚುತ್ತಿದ್ದರು, ಸಂಜೆ ಅವರೇ ಕಾಫಿ ಕೊಡಿಸುತ್ತಿದ್ದರು. ಅಲ್ಲಿ ದನಿ ಏರುವುದೇ ಇಲ್ಲ. ನಾನು ಹ್ಯಾಂಡೋವರ್ ಕೊಡುವಾಗ, ಅಂದರೆ ಮುಂದಿನ ಶಿಫ್ಟಿನವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ಇಬ್ಬರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಎತ್ತಿ ಮಗ್ಗುಲು ಬದಲಿಸಬೇಕಾದ ರೋಗಿಗಳೆಲ್ಲ ಪ್ರತಿ ಸಲ ನನ್ನ ಪಾಲಿಗೆ. ಬ್ರೇಕಿಗೆ ಹೋಗು ಅನ್ನುವವರಿಲ್ಲ, ನಾನಾಗಿ ಹೋದರೆ 'ಎಲ್ಲಿ ಮಾಯವಾಗಿದ್ದೆ?' ಅಂತ ನಗುನಗುತ್ತಲೇ ಕೇಳುವುದು. ನನ್ನ ಇಂಗ್ಲಿಷೇ ಸರಿ ಇಲ್ಲವೇನೋ ಅಂತ ತಿಂಗಳುಗಟ್ಟಲೆ ಕೊರಗಿದೆ, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ 7 ತೆಗೆದವಳು! ಮಳೆಗಾಲದಲ್ಲಿ ತೋಟದಲ್ಲಿ ಇಂಬಳ ಕಚ್ಚಿದ್ದು ಆಗಲೇ ಗೊತ್ತಾಗುತ್ತದಾ? ಮನೆಗೆ ಬಂದು ಕಾಲು ತೊಳೆಯುವಾಗ ರಕ್ತ ಕಾಣುತ್ತದೆ. ನನಗೂ ಹಾಗೇ ಆಯ್ತು.

ಶಿಫ್ಟ್ ಹನ್ನೆರಡೂವರೆ ಗಂಟೆ. ವಾರಕ್ಕೆ ಮೂರು, ಕೆಲವು ವಾರ ನಾಲ್ಕು. ಮಿಕ್ಕ ದಿನ ರಜ ತಾನೇ ಅಂತ ಇಲ್ಲಿ ನೆಂಟರಿಗೆ ಹೊಟ್ಟೆಕಿಚ್ಚು. ಸಾಲ ಬೇಗ ತೀರಲಿ ಅಂತ ಆ ರಜೆಯಲ್ಲೂ ನಾನು ಬ್ಯಾಂಕ್ ಶಿಫ್ಟ್ ಮಾಡಿದೆ. ಬ್ಯಾಂಕ್ ಅಂದರೆ ದುಡ್ಡಿನ ಬ್ಯಾಂಕ್ ಅಲ್ಲ, ಹೆಚ್ಚುವರಿ ಡ್ಯೂಟಿಗೆ ಅಲ್ಲಿ ಹೇಳುವ ಹೆಸರು. ಅದು ನನ್ನದೇ ದಡ್ಡತನ, ಯಾರ ಮೇಲೂ ಹಾಕುವುದಿಲ್ಲ. ಒಂದು ರಾತ್ರಿ ಮೂರು ವಾರದಿಂದ ನೋಡಿಕೊಂಡಿದ್ದ ಅಜ್ಜಿ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಫಾರ್ಮ್ ತುಂಬಬೇಕಲ್ಲ, ಮನೆಗೆ ಲೇಟಾಗುತ್ತದಲ್ಲ ಅಂತ ಸಿಟ್ಟು ಬಂತು. ಆಗ ನನ್ನ ಬಗ್ಗೆ ನನಗೇ ಹೆದರಿಕೆ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಹೇಳಿದ್ದು ಇದನ್ನೇ: ಮೈಮನಸ್ಸು ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ಏನು ಮಾಡಿದರೂ ಸರಿಯಾಗಿ ಮಾಡಿಲ್ಲ ಅನ್ನಿಸುವುದು. ಅದನ್ನು ಅವರು ಕಾಯಿಲೆ ಅಂತ ಕರೆದಿಲ್ಲ, ಕೆಲಸದ ಜಾಗದಿಂದ ಬರುವಂಥದ್ದು ಅಂದಿದ್ದಾರೆ. ನಾನಾದರೋ ಸೋಮಾರಿ ಆಗಿದ್ದೇನೆ ಅಂದುಕೊಂಡು ಇನ್ನೆರಡು ಶಿಫ್ಟ್ ಜಾಸ್ತಿ ಹಾಕಿಸಿಕೊಂಡಿದ್ದೆ.

ಅಲ್ಲಿಗೆ ಹೋದ ಮೊದಲ ವಾರವೇ ಯೂನಿಯನ್ ಸೇರು, ನರ್ಸ್‌ಗಳ ಆರ್‌ಸಿಎನ್ ಆಗಲಿ, ಸರ್ಕಾರಿ ಸೇವೆಯವರ ಯೂನಿಸನ್ ಆಗಲಿ. ತೊಂದರೆ ಆದ ಮೇಲೆ ಸೇರಿದರೆ ಹಳೆಯದಕ್ಕೆ ಸಹಾಯ ಸಿಗುವುದು ಕಷ್ಟ. ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ತಾರೀಕು, ಯಾರು, ಏನಂದರು, ಪಕ್ಕದಲ್ಲಿ ಯಾರಿದ್ದರು ಅಂತ ಬರೆದಿಡು. ರೋಗಿಯ ಹೆಸರು ಮಾತ್ರ ಬರೆಯಬೇಡ. ಎನ್‌ಎಚ್‌ಎಸ್ ಟ್ರಸ್ಟ್‌ಗಳಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆ ನಡೆಸುವ ಸಂಸ್ಥೆಗಳಲ್ಲಿ, ಸಿಬ್ಬಂದಿಯ ದೂರು ಕೇಳಲು ಫ್ರೀಡಮ್ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ ಒಬ್ಬರು ಇರುತ್ತಾರೆ, ಮ್ಯಾನೇಜರ್ ಕಿವಿಗೆ ಹಾಕಲು ಹೆದರಿಕೆ ಆದರೆ ಅವರ ಹತ್ತಿರ ಹೋಗು. ನಾನು ಅವರ ಹತ್ತಿರ ಹೋಗಿದ್ದು ಕೆಲಸಕ್ಕೆ ಸೇರಿದ ಹನ್ನೊಂದನೇ ತಿಂಗಳಲ್ಲಿ. ಆಮೇಲೆ ಬೇರೆ ವಾರ್ಡ್ ಸಿಕ್ಕಿತು, ಇವತ್ತಿಗೂ ಅಲ್ಲೇ ಇದ್ದೇನೆ.

ಕೆಲಸ ಬಿಟ್ಟರೆ ನಾಳೆಯೇ ವಿಮಾನ ಹತ್ತಿಸುತ್ತಾರೆ ಅಂತ ಹೆದರಿಸುವವರು ಸಿಗುತ್ತಾರೆ, ನಮ್ಮವರೇ ಜಾಸ್ತಿ. ಹಾಗೇನಿಲ್ಲ. ವೀಸಾ ಮೊಟಕು ಮಾಡಿದರೂ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಆದರೂ ಬೇರೆ ಸ್ಪಾನ್ಸರ್, ಅಂದರೆ ವೀಸಾಕ್ಕೆ ಜವಾಬ್ದಾರಿ ಹೊರುವ ಬೇರೆ ಕೆಲಸದಾತರು, ಸಿಕ್ಕಿ ಹೊಸ ವೀಸಾ ಆದ ಮೇಲೆಯೇ ಬಿಡುವುದು ಜಾಣತನ. ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಕಟ್ಟಬೇಕು ಅಂತ ಕಾಂಟ್ರಾಕ್ಟಿನಲ್ಲಿ ಒಂದು ಕಡೆ ಇರುತ್ತದೆ, ಸಹಿ ಹಾಕುವ ಮೊದಲು ಓದಿದ್ದೀಯ ತಾನೇ? ಓದಿಲ್ಲದಿದ್ದರೆ ಅದನ್ನು ಹಿಡಿದುಕೊಂಡು ಭಾನುವಾರ ಇಲ್ಲಿಗೇ ಬಾ, ಕೂತು ನೋಡೋಣ. ಅಮ್ಮನ ಎದುರು ಮಾತ್ರ ಈ ಅಜ್ಜಿಯ ವಿಷಯ ಎತ್ತಬೇಡ, ಅವರಿಗೆ ನಾನು ಹೇಳಿಲ್ಲ.