ಸರ್ಕಾರ ನಮ್ಮ ವಾಟ್ಸಾಪ್ ಮೆಸೇಜ್ ಓದಬಹುದಾ?

ದಾರಿಯಲ್ಲಿ ಕದ್ದು ಓದುವುದು ಕಷ್ಟ. ಮೆಸೇಜಿನ ಬೀಗದ ಕೈ ಇರುವುದು ಕಳಿಸಿದವರ, ಪಡೆದವರ ಫೋನಿನಲ್ಲಿ ಮಾತ್ರ. ಆದರೆ ಯಾರಿಗೆ, ಎಷ್ಟು ಹೊತ್ತಿಗೆ ಕಳಿಸಿದಿರಿ ಅನ್ನುವುದಕ್ಕೆ ಆ ಬೀಗ ಇಲ್ಲ.

ನನಗೆ ಜಾಸ್ತಿ ಚಿಂತೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ನೇ ಸೆಕ್ಷನ್‌ನದು. ಮಾಹಿತಿ ಕದ್ದಾಲಿಸಲು ಗೃಹ ಕಾರ್ಯದರ್ಶಿಯ ಆದೇಶ ಸಾಕು, ಕೋರ್ಟಿನ ಅನುಮತಿ ಬೇಕಿಲ್ಲ. ಆದರೆ ನಮ್ಮ ಬೆಂಗಳೂರಲ್ಲೇ ನೆಲೆಸಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 86ನೇ ವಯಸ್ಸಿನಲ್ಲಿ ಹೂಡಿದ ಕೇಸಿನಿಂದಲೇ ಅಲ್ವಾ, 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂದದ್ದು?

ಇನ್ನೊಂದು ಮಾತು. ಬ್ಯಾಕಪ್‌ಗೆ, ಅಂದರೆ ಮೆಸೇಜುಗಳ ಉಳಿಸಿಟ್ಟ ಪ್ರತಿಗೆ, ಬೀಗ ತಾನಾಗಿ ಬೀಳುವುದಿಲ್ಲ. ಮೊನ್ನೆ ಜಯನಗರದಲ್ಲಿ ಅಮ್ಮನ ಫೋನ್ ನೋಡಿದೆ, ಹಾಕಿರಲಿಲ್ಲ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಹಾಕಿಕೊಟ್ಟೆ. ನಿಮ್ಮದನ್ನೂ ಇವತ್ತೇ ನೋಡಿಕೊಳ್ಳಿ.